ಕಸ್ಟಮ್ ಲೂಪ್‌ನಲ್ಲಿ ಫ್ಯಾನ್ ಏರಿಳಿತ ನಿಲ್ಲುತ್ತಿಲ್ಲ. ಯಾವ ಸೆನ್ಸರ್ ನಂಬಬೇಕು?

ತೊಗರಿಕಣಜ | ಏಪ್ರಿಲ್ 6, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಹೋದ ತಿಂಗಳು ಮೊದಲ ಸಲ ನನ್ನ ಕಂಪ್ಯೂಟರ್‌ಗೆ ಕಸ್ಟಮ್ ವಾಟರ್ ಲೂಪ್ ಕಟ್ಟಿದೆ, ಅಂದರೆ ಪೈಪ್‌ನಲ್ಲಿ ನೀರು ಸುತ್ತಿಸಿ ಚಿಪ್‌ಗಳನ್ನು ತಂಪಾಗಿಡುವ ವ್ಯವಸ್ಥೆ. ಸಿಪಿಯು ರೈಜನ್ 7 5800ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080, ಎರಡಕ್ಕೂ ಬ್ಲಾಕ್ (ಚಿಪ್ ಮೇಲೆ ಕೂತು ಶಾಖವನ್ನು ನೀರಿಗೆ ಕೊಡುವ ಲೋಹದ ತುಂಡು) ಹಾಕಿದ್ದೇನೆ. ಮೇಲೆ ಮೂರು ಫ್ಯಾನ್‌ನ 360 ಮಿಲಿಮೀಟರ್ ರೇಡಿಯೇಟರ್, ಎದುರಿಗೆ ಎರಡು ಫ್ಯಾನ್‌ನ 240. ಡಿ5 ಪಂಪ್. ಸೋರಿಕೆ ಇಲ್ಲ, ಗಾಳಿಗುಳ್ಳೆ ಎಲ್ಲಾ ಹೋಗಿದೆ.

ತೊಂದರೆ ಫ್ಯಾನ್‌ಗಳದ್ದು. ಬ್ರೌಸರ್‌ನಲ್ಲಿ ಒಂದು ಹೊಸ ಟ್ಯಾಬ್ ತೆರೆದರೂ ಸಾಕು, ಐದೂ ಫ್ಯಾನ್ ಒಟ್ಟಿಗೆ ಹೂಂ ಅಂತ ಏಳುತ್ತವೆ. ಐದು ಸೆಕೆಂಡಿಗೆ ಇಳಿಯುತ್ತವೆ. ಮತ್ತೆ ಏಳುತ್ತವೆ. ಸಿಪಿಯು ತಾಪ ನೋಡಿದರೆ 48, ತಟ್ಟನೆ 71, ಮತ್ತೆ 50. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಕರ್ವ್, ಅಂದರೆ ಯಾವ ತಾಪಕ್ಕೆ ಫ್ಯಾನ್ ಎಷ್ಟು ವೇಗ ಅನ್ನುವ ಪಟ್ಟಿ, ಹೀಗಿದೆ: 50 ಡಿಗ್ರಿಗೆ 30%, 60ಕ್ಕೆ 50%, 70ಕ್ಕೆ 80%. ಎಲ್ಲಾ ಫ್ಯಾನ್ ಸ್ಪ್ಲಿಟರ್ ಮೂಲಕ ಬೋರ್ಡ್ ಮೇಲಿನ ಸಿಪಿಯು ಫ್ಯಾನ್ ಹೆಡರ್‌ಗೆ (ವೈರ್ ಚುಚ್ಚುವ ಪಿನ್‌ಗಳು) ಹೋಗಿವೆ.

ಕೆಲಸ ಮಾಡುವ ಕೋಣೆಯಲ್ಲೇ ಮಗಳು ಮಲಗುತ್ತಾಳೆ. ಒಂದೇ ಸಮನೆ ಸದ್ದಿದ್ದರೆ ಅವಳಿಗೆ ಏನೂ ಆಗಲ್ಲ. ಈ ಏರಿಳಿತಕ್ಕೆ ಎಚ್ಚರವಾಗಿಬಿಡುತ್ತದೆ. ಬ್ಲಾಕ್ ಸರಿಯಾಗಿ ಕೂತಿಲ್ಲವಾ? ಚಿಪ್‌ಗೂ ಬ್ಲಾಕ್‌ಗೂ ನಡುವಿನ ಪೇಸ್ಟ್ ಮತ್ತೆ ಹಚ್ಚಬೇಕಾ?

ಹಂಡೆಒಲೆ | ಏಪ್ರಿಲ್ 7, ಬೆಳಗ್ಗೆ 7:15

ಬ್ಲಾಕ್ ಬಿಚ್ಚಬೇಡಿ. ನಿಮ್ಮ ಲೂಪ್ ಚೆನ್ನಾಗಿಯೇ ಇದೆ. ತಪ್ಪಿರುವುದು ಫ್ಯಾನ್‌ಗೆ ಮಾತು ಹೇಳುತ್ತಿರುವ ಸೆನ್ಸರ್ ಆಯ್ಕೆಯಲ್ಲಿ.

ಊರಿನ ಮನೆಯ ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಒಲೆಗೆ ಒಂದು ಒಣ ತೆಂಗಿನ ಗರಿ ಹಾಕಿದರೆ ಬೆಂಕಿ ಭಗ್ ಅಂತ ಏಳುತ್ತದೆ. ಹಂಡೆಯ ನೀರಿಗೆ ಅದು ಗೊತ್ತೇ ಆಗುವುದಿಲ್ಲ. ನಿಮ್ಮ ಫ್ಯಾನ್‌ಗಳು ಆ ಬೆಂಕಿಯನ್ನು ನೋಡಿ ಓಡುತ್ತಿವೆ. ಅವು ನೋಡಬೇಕಾದದ್ದು ಹಂಡೆಯ ನೀರನ್ನು.

5800ಎಕ್ಸ್‌ನಲ್ಲಿ ಎಂಟೂ ಕೋರ್ ಇರುವ ಸಿಲಿಕಾನ್ ತುಂಡು (ಚಿಪ್ಲೆಟ್) ಸುಮಾರು 80 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಅಷ್ಟು ಸಣ್ಣ ಜಾಗಕ್ಕೆ ಒಂದೇ ಸಲ ಕರೆಂಟ್ ನುಗ್ಗಿದರೆ 20 ಡಿಗ್ರಿ ಜಿಗಿಯುವುದು ಸಹಜ. ಆ ಜಿಗಿತ ನಡೆಯುವುದು ಸಿಲಿಕಾನ್ ಮತ್ತು ಬ್ಲಾಕ್ ನಡುವೆ. ರೇಡಿಯೇಟರ್ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಅದನ್ನು ತಡೆಯಲು ಆಗುವುದಿಲ್ಲ. ಫ್ಯಾನ್ ಏಳುವ ಹೊತ್ತಿಗೆ ಜಿಗಿತ ಮುಗಿದೇ ಹೋಗಿರುತ್ತದೆ.

ನೀರಿನ ಕಡೆ ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. 400 ವಾಟ್ ಪೂರ್ತಿ ಸುರಿದು, ರೇಡಿಯೇಟರ್ ಇಲ್ಲವೇ ಇಲ್ಲ ಅಂದುಕೊಂಡರೂ ಒಂದು ಡಿಗ್ರಿಗೆ ಹತ್ತು ಸೆಕೆಂಡು ಹಿಡಿಯುತ್ತದೆ. ರೇಡಿಯೇಟರ್ ಕೆಲಸ ಮಾಡುತ್ತಿದ್ದರೆ ನಿಮಿಷಗಟ್ಟಲೆ. ಹಾಗಾಗಿ ನೀರಿನ ತಾಪಕ್ಕೆ ಕಟ್ಟಿದ ಕರ್ವ್ ತಾನಾಗಿಯೇ ಶಾಂತವಾಗಿರುತ್ತದೆ.

ಬೆಸುಗೆಗಾರ | ಏಪ್ರಿಲ್ 7, ಬೆಳಗ್ಗೆ 9:02

ಮೇಲಿನ ಮಾತು ನೂರಕ್ಕೆ ನೂರು ನಿಜ. ಜೊತೆಗೆ ಒಂದು ವಿಷಯ. ಸಿಪಿಯು ಹೇಳುವ ತಾಪ ಯಾವಾಗಲೂ ನಿಜವಾದ ತಾಪವೇ ಆಗಿರಬೇಕು ಅಂತಿಲ್ಲ. 2017ರಲ್ಲಿ ಬಂದ ರೈಜನ್ 1700ಎಕ್ಸ್ ಮತ್ತು 1800ಎಕ್ಸ್ ತಮ್ಮ ನಿಜ ತಾಪಕ್ಕೆ 20 ಡಿಗ್ರಿ ಸೇರಿಸಿ ಹೇಳುತ್ತಿದ್ದವು. ಫ್ಯಾನ್ ನಿಯಂತ್ರಣ ಎಲ್ಲಾ ಮಾಡೆಲ್‌ಗೂ ಒಂದೇ ಥರ ಇರಲಿ ಅಂತ ಎಎಂಡಿ ಬೇಕೆಂದೇ ಮಾಡಿದ್ದು ಅದು. ಆ ಅಂಕಿ ಇರುವುದು ಚಿಪ್‌ನ ರಕ್ಷಣೆಗೆ. ರೇಡಿಯೇಟರ್ ಓಡಿಸಲು ಅಲ್ಲ.

ಸದ್ಯಕ್ಕೆ ಬಯೋಸ್‌ನಲ್ಲಿ ಫ್ಯಾನ್ ಏರುವ ಸಮಯ, ಇಳಿಯುವ ಸಮಯ ಅಂತ ಎರಡು ಆಯ್ಕೆ ಇರುತ್ತವೆ. ಎರಡನ್ನೂ ಆದಷ್ಟು ಜಾಸ್ತಿ ಮಾಡಿ. ಇವತ್ತು ರಾತ್ರಿಗೆ ಸಾಕಾಗುತ್ತದೆ. ಆಮೇಲೆ ಜಿ ಕಾಲು ಇಂಚು ಥ್ರೆಡ್‌ನ ನೀರಿನ ಸೆನ್ಸರ್ ತರಿಸಿ. 10ಕೆ ಎನ್‌ಟಿಸಿ ಅಂತ ಕೇಳಿ, ಬಿಸಿಯಾದಷ್ಟೂ ವಿದ್ಯುತ್ ತಡೆ ಇಳಿಯುವ ಸೆನ್ಸರ್ ಅದು. ಬೋರ್ಡ್ ಮೇಲೆ ಟಿ ಸೆನ್ಸರ್ ಅಂತ ಎರಡು ಪಿನ್‌ನ ಹೆಡರ್ ಇದ್ದರೆ ಅಲ್ಲಿಗೆ ಚುಚ್ಚಿ. ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ.

ಒಂದು ಎಚ್ಚರಿಕೆ. ಐದು ಫ್ಯಾನ್ ಒಂದೇ ಹೆಡರ್‌ನಿಂದ ಅಂದಿರಿ. ಸಾಮಾನ್ಯ ಹೆಡರ್ 1 ಆಂಪಿಯರ್ ಮಾತ್ರ ಕೊಡುತ್ತದೆ. ಪ್ರತಿ ಫ್ಯಾನ್ ಮೇಲಿನ ಆಂಪಿಯರ್ ಓದಿ ಕೂಡಿಸಿ. ಹತ್ತಿರ ಬಂದರೆ ಪವರ್ ಸಪ್ಲೈನಿಂದ ನೇರವಾಗಿ (ಸಾಟಾ ಪವರ್) ಕರೆಂಟ್ ತೆಗೆದುಕೊಳ್ಳುವ ಹಬ್ ಹಾಕಿ. ಹೆಡರ್ ಸುಟ್ಟರೆ ಬೋರ್ಡ್ ಪೂರ್ತಿ ರಿಪೇರಿಗೆ ಬರುತ್ತದೆ. ನನ್ನ ಮೇಜಿನ ಮೇಲೆ ಅಂಥವು ಬಂದಿವೆ.

ತೊಗರಿಕಣಜ | ಏಪ್ರಿಲ್ 7, ರಾತ್ರಿ 10:20

ಹಂಡೆಯ ಮಾತು ಸರಿಯಾಗಿ ತಲೆಗೆ ಹೋಯಿತು. ನಮ್ಮಲ್ಲಿ ತೆಂಗಿನ ಗರಿ ಬದಲು ತೊಗರಿ ಕಟ್ಟಿಗೆ, ಆದರೆ ಬೆಂಕಿ ಹಾಗೇ ಏಳುತ್ತದೆ. ಇಳಿಯುವ ಸಮಯ ಜಾಸ್ತಿ ಮಾಡಿದೆ. ಇವತ್ತು ಪರವಾಗಿಲ್ಲ. ಹಬ್ ಹಾಕಿದ್ದೇನೆ, ಸೆನ್ಸರ್ ಆರ್ಡರ್ ಮಾಡಿದ್ದೇನೆ. ಲೂಪ್‌ನಲ್ಲಿ ಎಲ್ಲಿ ಕೂರಿಸಬೇಕು? ರೇಡಿಯೇಟರ್ ಮುಂಚೆಯಾ, ನಂತರವಾ?

ಹಂಡೆಒಲೆ | ಏಪ್ರಿಲ್ 7, ರಾತ್ರಿ 10:45

ಖಾಲಿ ಪೋರ್ಟ್ ಎಲ್ಲಿದೆಯೋ ಅಲ್ಲಿ. ಗಂಟೆಗೆ 150 ಲೀಟರ್ ಹರಿವಿದ್ದರೆ 400 ವಾಟ್‌ಗೆ ಲೂಪ್‌ನ ಅತಿ ಬಿಸಿ ಜಾಗಕ್ಕೂ ಅತಿ ತಂಪು ಜಾಗಕ್ಕೂ ಇರುವ ವ್ಯತ್ಯಾಸ ಎರಡೂಕಾಲು ಡಿಗ್ರಿ ಅಷ್ಟೆ. ರಿಸರ್ವಾಯರ್‌ನ (ಲೂಪ್‌ನ ನೀರಿನ ತೊಟ್ಟಿ) ಕೆಳಗಿನ ಪೋರ್ಟ್ ಆದರೆ ಸಲೀಸು. ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು, ಅದೊಂದೇ ಷರತ್ತು.

ತೊಗರಿಕಣಜ | ಏಪ್ರಿಲ್ 19, ಮಧ್ಯಾಹ್ನ 3:30

ಸೆನ್ಸರ್ ಬಂತು, ಕೂರಿಸಿದೆ. ಹೊಸ ಕರ್ವ್: ನೀರು 35ಕ್ಕೆ 25%, 40ಕ್ಕೆ 50%, 45ಕ್ಕೆ 100%. ಮೊದಲ ರಾತ್ರಿ ಕೇಳಬೇಡಿ, ಅಷ್ಟು ನೆಮ್ಮದಿ. ಫ್ಯಾನ್ ಇದೆ ಅಂತಲೇ ಗೊತ್ತಾಗಲಿಲ್ಲ.

ಆದರೆ ಮಧ್ಯಾಹ್ನ ಪೂರ್ತಿ ಉಲ್ಟಾ. ಈಗ ಕೋಣೆಯಲ್ಲಿ 39 ಡಿಗ್ರಿ. ಬರೀ ಎಕ್ಸೆಲ್ ತೆರೆದುಕೊಂಡು ಕೂತಿದ್ದೇನೆ, ನೀರು ಆಗಲೇ 44. ಐದೂ ಫ್ಯಾನ್ ಹೆಚ್ಚುಕಡಿಮೆ ಪೂರ್ತಿ ವೇಗದಲ್ಲಿ. ಅಷ್ಟು ಓಡಿಯೂ ನೀರು ಇಳಿಯುತ್ತಿಲ್ಲ.

ಟೊರಾಂಟೊಕನ್ನಡಿಗ | ಏಪ್ರಿಲ್ 19, ಸಂಜೆ 6:10

ನಾನು ಇದೇ ಥರದ ಕರ್ವ್ ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ, ಒಂದು ದಿನವೂ ತೊಂದರೆ ಬಂದಿಲ್ಲ. ಪಂಪ್ ವೇಗ ಕಡಿಮೆ ಇದೆಯಾ ನೋಡಿ.

ಹಂಡೆಒಲೆ | ಏಪ್ರಿಲ್ 19, ರಾತ್ರಿ 8:00

ಪಂಪ್ ಅಲ್ಲ. ಟೊರಾಂಟೊದ ಮನೆಯಲ್ಲಿ ಜನವರಿಯಲ್ಲೂ ಜುಲೈನಲ್ಲೂ ಒಳಗೆ 21, 22 ಡಿಗ್ರಿ ಇಟ್ಟುಕೊಂಡಿರುತ್ತೀರಿ. ಕಲಬುರಗಿಯ ಕೋಣೆ ಡಿಸೆಂಬರ್ ರಾತ್ರಿ 20ಕ್ಕೆ ಇಳಿಯಬಹುದು, ಏಪ್ರಿಲ್ ಮಧ್ಯಾಹ್ನ 39ಕ್ಕೆ ಏರುತ್ತದೆ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ಕೋಣೆಗಿಂತ ತಂಪಾಗಲು ಸಾಧ್ಯವೇ ಇಲ್ಲ. 39ರ ಕೋಣೆಯಲ್ಲಿ 40ರ ನೀರು ಕೇಳುತ್ತಿದೆ ನಿಮ್ಮ ಕರ್ವ್. ಪಾಪ ಫ್ಯಾನ್ ಏನು ಮಾಡೀತು?

ಬೇಕಾದದ್ದು ವ್ಯತ್ಯಾಸ. ನೀರಿನ ತಾಪದಲ್ಲಿ ಕೋಣೆಯ ಗಾಳಿಯ ತಾಪ ಕಳೆಯಿರಿ. ಇದನ್ನೇ ಡೆಲ್ಟಾ ಅನ್ನುವುದು. ಶಾಖ ಗಾಳಿಗೆ ಹೋಗುವುದು ಆ ವ್ಯತ್ಯಾಸದ ಬಲದ ಮೇಲೆ. 500 ವಾಟ್ ಒಳಗಿನ ಲೂಪ್‌ಗೆ 10 ಡಿಗ್ರಿ ಡೆಲ್ಟಾ ಒಳ್ಳೆಯದು, 15ರವರೆಗೂ ಚಿಂತೆ ಬೇಡ. ನನ್ನ ಕರ್ವ್ ಇದು: ಡೆಲ್ಟಾ 3ಕ್ಕೆ 25%, 6ಕ್ಕೆ 35%, 9ಕ್ಕೆ 55%, 12ಕ್ಕೆ 85%, 15ಕ್ಕೆ 100%.

ಬೆಸುಗೆಗಾರ | ಏಪ್ರಿಲ್ 19, ರಾತ್ರಿ 8:40

ಡೆಲ್ಟಾ ಒಪ್ಪುತ್ತೇನೆ, ಆದರೆ ಅದೊಂದನ್ನೇ ನಂಬುವುದನ್ನು ಒಪ್ಪುವುದಿಲ್ಲ. ಪಂಪ್‌ಗೂ ಪೈಪ್‌ಗೂ ಡೆಲ್ಟಾ ಗೊತ್ತಿಲ್ಲ, ಅವುಗಳಿಗೆ ಮುಟ್ಟುವುದು ನೀರಿನ ನಿಜ ತಾಪ. ಹೆಚ್ಚಿನ ಪಂಪ್‌ಗಳಿಗೆ ತಯಾರಕರು ಹೇಳುವ ಮಿತಿ 60 ಡಿಗ್ರಿ. ಪೆಟ್‌ಜಿ ಪ್ಲಾಸ್ಟಿಕ್ ಪೈಪ್ ಸುಮಾರು 80ರಲ್ಲಿ ಮೆತ್ತಗಾಗುತ್ತದೆ, ಒತ್ತಡ ಬಿದ್ದರೆ ಅದಕ್ಕಿಂತ ಮುಂಚೆಯೇ ಫಿಟ್ಟಿಂಗ್ ಹತ್ತಿರ ಬಾಗುತ್ತದೆ. ಎರಡು ಕರ್ವ್ ಇಡಿ. ಒಂದು ಡೆಲ್ಟಾಕ್ಕೆ. ಇನ್ನೊಂದು ಬರೀ ನೀರಿಗೆ, 48ರವರೆಗೆ ಸುಮ್ಮನಿದ್ದು 50 ದಾಟಿದರೆ 100%. ಎರಡರಲ್ಲಿ ಯಾವುದು ಜಾಸ್ತಿ ಹೇಳುತ್ತದೋ ಅದು ನಡೆಯಲಿ.

ಹಂಡೆಒಲೆ | ಏಪ್ರಿಲ್ 19, ರಾತ್ರಿ 8:52

ಸರಿ, ಇದು ನನ್ನ ಕರ್ವ್‌ನಲ್ಲಿ ಇರಲಿಲ್ಲ. ಇವತ್ತೇ ಸೇರಿಸುತ್ತೇನೆ.

ತೊಗರಿಕಣಜ | ಏಪ್ರಿಲ್ 19, ರಾತ್ರಿ 9:15

ನನ್ನ ಬೋರ್ಡ್‌ನಲ್ಲಿ ಟಿ ಸೆನ್ಸರ್ ಹೆಡರ್ ಒಂದೇ ಇದೆ. ಎರಡನೆಯದಕ್ಕೆ?

ಎಸ್‌ಪಿರೋಡ್‌ಓಡಾಟ | ಏಪ್ರಿಲ್ 19, ರಾತ್ರಿ 9:50

ಬೇರೆ ಕಂಟ್ರೋಲರ್ ಬೇಕಾಗುತ್ತದೆ. ನಾನು ಅಕ್ವಾ ಕಂಪ್ಯೂಟರ್‌ನ ಕ್ವಾಡ್ರೋ ಬಳಸುತ್ತೇನೆ. ನಾಲ್ಕು ಫ್ಯಾನ್ ಚಾನೆಲ್, ನಾಲ್ಕು ತಾಪ ಸೆನ್ಸರ್, ಒಂದು ಫ್ಲೋ ಸೆನ್ಸರ್. ಅದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ ಕರ್ವ್ ಕಂಟ್ರೋಲರ್ ಒಳಗೇ ಉಳಿಯುತ್ತದೆ. ವಿಂಡೋಸ್ ಹ್ಯಾಂಗ್ ಆದರೂ ಫ್ಯಾನ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಕೈಗೆ ಸಿಗುವುದು ಅಪರೂಪ, ಆನ್‌ಲೈನ್‌ನಲ್ಲೇ ನೋಡಬೇಕು. ಬರೀ 10ಕೆ ಎನ್‌ಟಿಸಿ ವೈರ್ ಸೆನ್ಸರ್ ಆದರೆ ಅಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ.

ದುಡ್ಡು ಹಾಕುವುದು ಬೇಡ ಅಂದರೆ ವಿಂಡೋಸ್‌ನ ಫ್ಯಾನ್ ಕಂಟ್ರೋಲ್ ತಂತ್ರಾಂಶ ಸಾಕು. ಅದರಲ್ಲಿ ಒಂದು ಸೆನ್ಸರ್‌ನಿಂದ ಇನ್ನೊಂದನ್ನು ಕಳೆಯಬಹುದು, ಎರಡು ಕರ್ವ್‌ಗಳಲ್ಲಿ ಜಾಸ್ತಿ ಇರುವುದನ್ನು ಆರಿಸಬಹುದು. ಹಳೆಯ ಆವೃತ್ತಿ ಇದ್ದರೆ ಅಪ್‌ಡೇಟ್ ಮಾಡಿ. ಅದು ಬಳಸುತ್ತಿದ್ದ ವಿನ್‌ರಿಂಗ್‌0 ಡ್ರೈವರನ್ನು 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅಪಾಯಕಾರಿ ಅಂತ ಹಿಡಿಯಲು ಶುರು ಮಾಡಿತು. ಡ್ರೈವರ್‌ನಲ್ಲಿ ನಿಜಕ್ಕೂ ಭದ್ರತೆಯ ತೂತಿತ್ತು. ಡಿಫೆಂಡರ್ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಗೂಡುಲಿನಕ್ಸ್ | ಏಪ್ರಿಲ್ 20, ಬೆಳಗ್ಗೆ 6:30

ಲಿನಕ್ಸ್‌ನವರು ಓದುತ್ತಿದ್ದರೆ ನಿಮಗೂ ಎರಡು ಮಾತು. ತಾಪ ತೋರಿಸುವ ಎಲ್‌ಎಂ ಸೆನ್ಸರ್ಸ್ ತಂತ್ರಾಂಶ ಓಡಿಸಿದಾಗ ಆಕ್ಸ್‌ಟಿನ್ ಅಂತ ಕೆಲವು ಸಾಲು ಬರುತ್ತವೆ. ಒಂದರಲ್ಲಿ 127 ಡಿಗ್ರಿ, ಇನ್ನೊಂದರಲ್ಲಿ ಮೈನಸ್ 60. ಬೋರ್ಡ್ ಸುಡುತ್ತಿದೆ ಅಂತ ಗಾಬರಿ ಬೀಳಬೇಡಿ. ಚಿಪ್‌ನ ಆ ಪಿನ್‌ಗೆ ಯಾವ ಸೆನ್ಸರೂ ಕೂಡಿಸಿಲ್ಲ ಅಂತ ಅರ್ಥ.

ಎರಡನೆಯದು, ಫ್ಯಾನ್ ನಡೆಸುವ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಸೆನ್ಸರ್ ಚಿಪ್‌ಗೆ ಎಚ್‌ಡಬ್ಲ್ಯೂಮಾನ್2 ಅಂತ ನಂಬರ್ ಬರೆದಿಡಬೇಡಿ. ಮುಂದಿನ ಬೂಟ್‌ಗೆ ಅದೇ 3 ಆಗಿರಬಹುದು. ಹೆಸರು ಓದಿ ಹುಡುಕಿ. ಕೈಯಿಂದ ನಡೆಸುವ ಮೋಡ್‌ನಲ್ಲಿ ಸ್ಕ್ರಿಪ್ಟ್ ಸತ್ತರೆ ಫ್ಯಾನ್ ಕೊನೆಯ ವೇಗದಲ್ಲೇ ನಿಂತುಬಿಡುತ್ತದೆ. ಸ್ಕ್ರಿಪ್ಟ್ ನಿಂತ ಕೂಡಲೇ 255 (ಅಂದರೆ ಪೂರ್ತಿ ವೇಗ) ಬರೆಯುವ ಒಂದು ಸಾಲು ಇರಲೇಬೇಕು. ಸ್ಕ್ರಿಪ್ಟ್ ಬೇಡ ಅನ್ನುವವರು ಕೂಲರ್ ಕಂಟ್ರೋಲ್ ತಂತ್ರಾಂಶ ನೋಡಿ.

ತೊಗರಿಕಣಜ | ಮೇ 3, ರಾತ್ರಿ 12:10

ದಯವಿಟ್ಟು ಯಾರಾದರೂ ಎಚ್ಚರ ಇದ್ದರೆ ನೋಡಿ. ನಾಲ್ಕು ಚಾನೆಲ್‌ನ ಕಂಟ್ರೋಲರ್ ತಂದು ಇವತ್ತು ಕೂರಿಸಿದೆ. ಗಾಳಿಗೆ ವೈರ್ ಸೆನ್ಸರ್ ಹಾಕಿದೆ. ಡೆಲ್ಟಾ ಕರ್ವ್ ಒಂದನ್ನೇ ಹಾಕಿದ್ದೆ, ನೀರಿನ ಎರಡನೇ ಕರ್ವ್ ನಾಳೆ ಮಾಡೋಣ ಅಂತ ಬಿಟ್ಟಿದ್ದೆ. ಎರಡು ಗಂಟೆ ಗೇಮ್ ಆಡಿದೆ. ಫ್ಯಾನ್ 25% ದಾಟಲೇ ಇಲ್ಲ. ಎಷ್ಟು ಚೆನ್ನಾಗಿದೆ ಅಂತ ಖುಷಿಯಾಗಿದ್ದೆ. ಕೇಸ್ ಮೇಲೆ ಕೈ ಇಟ್ಟೆ, ಸುಡುತ್ತಿತ್ತು. ಪರದೆ ನೋಡಿದರೆ ನೀರು 54, ಗಾಳಿ 51, ಡೆಲ್ಟಾ 3. ತಕ್ಷಣ ಆಫ್ ಮಾಡಿದೆ. ಕೋಣೆ 51 ಡಿಗ್ರಿ ಇರಲು ಸಾಧ್ಯವೇ ಇಲ್ಲ. ಗೋಡೆಯ ಥರ್ಮಾಮೀಟರ್ 35 ತೋರಿಸುತ್ತಿದೆ. ಸೆನ್ಸರ್ ಕೆಟ್ಟಿದೆಯಾ?

ಬೆಸುಗೆಗಾರ | ಮೇ 3, ರಾತ್ರಿ 12:25

ಎಚ್ಚರ ಇದ್ದೇನೆ. ನೀರು 60 ಮುಟ್ಟಿಲ್ಲ, ಏನೂ ಹಾಳಾಗಿರುವುದಿಲ್ಲ. ಸಮಾಧಾನ ಮಾಡಿಕೊಳ್ಳಿ. ಗಾಳಿಯ ಸೆನ್ಸರ್ ಎಲ್ಲಿ ಅಂಟಿಸಿದ್ದೀರಿ?

ತೊಗರಿಕಣಜ | ಮೇ 3, ರಾತ್ರಿ 12:28

ಮೇಲಿನ ಗ್ರಿಲ್ ಹತ್ತಿರ. ವೈರ್ ಅಲ್ಲಿಗೆ ಸುಲಭವಾಗಿ ಮುಟ್ಟುತ್ತಿತ್ತು. ಟೇಪ್ ಹಾಕಿದ್ದೇನೆ.

ಬೆಸುಗೆಗಾರ | ಮೇ 3, ರಾತ್ರಿ 12:41

ಸಿಕ್ಕಿತು. ಮೇಲಿನ 360 ಗಾಳಿಯನ್ನು ಹೊರಗೆ ತಳ್ಳುತ್ತದೆ. ನಿಮ್ಮ ಸೆನ್ಸರ್ ಅಳೆಯುತ್ತಿರುವುದು ಕೋಣೆಯನ್ನಲ್ಲ, ರೇಡಿಯೇಟರ್ ಬಿಟ್ಟ ಬಿಸಿ ಉಸಿರನ್ನು.

ಇದು ಎಷ್ಟು ಕೆಟ್ಟ ಸುಳಿ ಅಂತ ನೋಡಿ. ಫ್ಯಾನ್ ನಿಧಾನ ಆದಷ್ಟೂ ಗಾಳಿ ರೇಡಿಯೇಟರ್‌ನ ರೆಕ್ಕೆಗಳ ನಡುವೆ ಜಾಸ್ತಿ ಹೊತ್ತು ಇರುತ್ತದೆ, ನೀರಿನ ತಾಪಕ್ಕೆ ಹತ್ತಿರ ಬಂದು ಹೊರಬೀಳುತ್ತದೆ. ಆಗ ಡೆಲ್ಟಾ ಇನ್ನೂ ಸಣ್ಣದಾಗುತ್ತದೆ. ಡೆಲ್ಟಾ ಸಣ್ಣದು ಅಂತ ಫ್ಯಾನ್ ನಿಧಾನವಾಗಿಯೇ ಇರುತ್ತದೆ. ನೀರು ಏರುತ್ತದೆ, ಗಾಳಿಯ ಅಂಕಿಯೂ ಜೊತೆಗೇ ಏರುತ್ತದೆ, ವ್ಯತ್ಯಾಸ ಅಲ್ಲೇ ನಿಲ್ಲುತ್ತದೆ. ಎಲ್ಲಾ ಸೆನ್ಸರ್ ನಿಜವನ್ನೇ ಹೇಳುತ್ತಿವೆ, ಆದರೂ ಕಂಟ್ರೋಲರ್ ಕುರುಡಾಗಿದೆ. ನೀರಿನ 50ರ ಮಿತಿ ಹಾಕಿದ್ದರೆ ಇವತ್ತು ಅದು ಹಿಡಿಯುತ್ತಿತ್ತು. ಮಲಗುವ ಮುಂಚೆ ಅದನ್ನು ಹಾಕಿ.

ಸೆನ್ಸರ್ ಇರಬೇಕಾದ ಜಾಗ: ಎದುರಿನ 240 ಗಾಳಿ ಒಳಗೆಳೆಯುತ್ತದೆ ಅಲ್ವಾ, ಅದರ ಧೂಳಿನ ಫಿಲ್ಟರ್‌ನ ಹೊರಗೆ. ಗಾಜಿನ ಮಣಿಯಂಥ ತುದಿ ಲೋಹಕ್ಕೆ ತಾಗಬಾರದು, ಗಾಳಿಯಲ್ಲಿ ತೂಗಬೇಕು. ಟೇಪನ್ನು ವೈರ್‌ಗೆ ಹಾಕಿ, ತುದಿಗೆ ಬೇಡ.

ಹಂಡೆಒಲೆ | ಮೇ 3, ಬೆಳಗ್ಗೆ 6:50

ಜೊತೆಗೆ ಎರಡೂ ಸೆನ್ಸರ್ ಒಂದೇ ಮಾತು ಹೇಳುತ್ತವಾ ನೋಡಿ. ರಾತ್ರಿಯಿಡೀ ಆಫ್ ಇದ್ದರೆ ಬೆಳಗ್ಗೆ ನೀರೂ ಕೋಣೆಯೂ ಒಂದೇ ತಾಪದಲ್ಲಿರುತ್ತವೆ. ಹಚ್ಚಿದ ಮೊದಲ ಅರ್ಧ ನಿಮಿಷದಲ್ಲಿ ಎರಡೂ ಅಂಕಿ ಬರೆದುಕೊಳ್ಳಿ.

ತೊಗರಿಕಣಜ | ಮೇ 4, ಬೆಳಗ್ಗೆ 7:30

ಗಾಳಿಯ ಸೆನ್ಸರ್ ಎದುರಿಗೆ ತಂದೆ. ಈಗ ಹಚ್ಚಿದೆ: ಗಾಳಿ 31.0, ನೀರು 31.9. ನೀರಿಗೆ ಮೈನಸ್ 0.9 ಆಫ್‌ಸೆಟ್ (ಯಾವಾಗಲೂ ಅಷ್ಟು ಕಳೆಯುವ ತಿದ್ದುಪಡಿ) ಕೊಟ್ಟರೆ ಆಯಿತಾ?

ಬೆಸುಗೆಗಾರ | ಮೇ 4, ಬೆಳಗ್ಗೆ 8:20

ಕೊಡುವ ಮುಂಚೆ ಒಂದು ಪರೀಕ್ಷೆ. ನೀರಿನ ಸೆನ್ಸರ್ ಜೊತೆ ಅಂಥದ್ದೇ ಇನ್ನೊಂದು ಬಂದಿದ್ದರೆ ಅದನ್ನು ತೆಗೆದುಕೊಳ್ಳಿ. ಸ್ಟೀಲ್ ಲೋಟದಲ್ಲಿ ಕೈಗೆ ಚೆನ್ನಾಗಿ ಬಿಸಿ ಅನ್ನಿಸುವ ನೀರು ಹಾಕಿ. ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಇಡಿ. ಜ್ವರ ನೋಡುವುದು ಬೇಡ, ಅದು 42ಕ್ಕೇ ನಿಲ್ಲುತ್ತದೆ. ಸೆನ್ಸರ್ ತುದಿ ಅದ್ದಿ, ಚಮಚದಲ್ಲಿ ತಿರುಗಿಸುತ್ತಾ 45 ಬಂದಾಗ ಕಂಟ್ರೋಲರ್ ಏನು ಹೇಳುತ್ತದೆ ನೋಡಿ.

ತೊಗರಿಕಣಜ | ಮೇ 4, ರಾತ್ರಿ 9:00

ಎರಡರ ಪ್ಯಾಕ್ ಬಂದಿತ್ತು, ಒಂದು ಉಳಿದಿತ್ತು. ಲೋಟದಲ್ಲಿ 45. ಕಂಟ್ರೋಲರ್‌ನಲ್ಲಿ 48.2. ಮೂರು ಸಲ ನೋಡಿದೆ, ಹಾಗೇ ಬಂತು.

ಬೆಸುಗೆಗಾರ | ಮೇ 4, ರಾತ್ರಿ 9:35

ನನ್ನ ಊಹೆ ಇದೇ ಆಗಿತ್ತು. 10ಕೆ ಅಂದರೆ 25 ಡಿಗ್ರಿಯಲ್ಲಿ 10,000 ಓಮ್ ಅಂತ ಮಾತ್ರ. ಅಲ್ಲಿಂದ ತಾಪ ಏರಿದಂತೆ ಓಮ್ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ಬೀಟಾ ಅನ್ನುವ ಇನ್ನೊಂದು ಅಂಕಿ ಹೇಳುತ್ತದೆ. 3435 ಇರುವುದೂ ಸಿಗುತ್ತದೆ, 3950 ಇರುವುದೂ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. 3435 ಅಂತ ನಂಬಿದ ಕಂಟ್ರೋಲರ್‌ಗೆ 3950 ಚುಚ್ಚಿದರೆ 25ರಲ್ಲಿ ತಪ್ಪು ಸೊನ್ನೆ, 31ರಲ್ಲಿ 0.9, 40ರಲ್ಲಿ 2.4, 45ರಲ್ಲಿ 3.2. ನಿಮ್ಮ ಬೆಳಗಿನ ಅಂಕಿಯೂ ಲೋಟದ ಅಂಕಿಯೂ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಬಿಸಿಯಾದಷ್ಟೂ ಬೆಳೆಯುವ ತಪ್ಪನ್ನು ಒಂದು ಆಫ್‌ಸೆಟ್ ಸರಿಮಾಡುವುದಿಲ್ಲ.

ನಿಮಗೆ ಸುಲಭದ ದಾರಿ ಇದೆ. ಉಳಿದ ಆ ಜೋಡಿ ಸೆನ್ಸರನ್ನೇ ಗಾಳಿಗೆ ಹಾಕಿ. ಎರಡೂ ಒಂದೇ ಥರ ಜಾಸ್ತಿ ಹೇಳಿದರೆ ಕಳೆದಾಗ ಹೆಚ್ಚಿನ ತಪ್ಪು ಹೋಗುತ್ತದೆ. ನಿಜವಾದ 7 ಡಿಗ್ರಿ ಡೆಲ್ಟಾ 8ರಷ್ಟು ಕಾಣುತ್ತದೆ. ಫ್ಯಾನ್ ಸ್ವಲ್ಪ ಜಾಸ್ತಿ ತಿರುಗುತ್ತದೆ ಅಷ್ಟೆ, ತಪ್ಪು ಸುರಕ್ಷಿತ ಕಡೆಗೇ ಇದೆ. ನೀರಿನ ಮಿತಿಯನ್ನು ಮಾತ್ರ 50ರ ಬದಲು 54 ಮಾಡಿ.

ಕೊನೆಗೆ ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಎನ್‌ಟಿಸಿ ವೈರ್ ಕಿತ್ತುಬಂದರೆ ಕಂಟ್ರೋಲರ್‌ಗೆ ಅದು ವಿಪರೀತ ಚಳಿ ಅಂತ ಕಾಣಬಹುದು. ನೀರಿನ ಸೆನ್ಸರ್ ಕಿತ್ತರೆ ಡೆಲ್ಟಾ ಮೈನಸ್‌ಗೆ ಹೋಗಿ ಫ್ಯಾನ್ ಮಲಗುತ್ತದೆ. ಅದಕ್ಕೇ ಕರ್ವ್‌ನ ಎಡತುದಿ ಎತ್ತಿಡಿ. ಮೈನಸ್ 5ಕ್ಕೆ 100%, ಮೈನಸ್ 2ಕ್ಕೆ 25%. ಆಮೇಲೆ ಪ್ಲಗ್ ಒಂದು ಸಲ ಕಿತ್ತು ಪರೀಕ್ಷೆ ಮಾಡಿ.

ಕರಾವಳಿಗಾಳಿ | ಮೇ 5, ಬೆಳಗ್ಗೆ 10:10

ಮಂಗಳೂರಿನಲ್ಲಿದ್ದೇನೆ, ಮೊದಲ ಲೂಪ್ ಕಟ್ಟುವ ಯೋಚನೆ. ಇಲ್ಲಿನ ತೇವಕ್ಕೆ ಪೈಪ್ ಮೇಲೆ ನೀರು ಹನಿಗಟ್ಟುತ್ತದಾ? ಪಂಪ್‌ಗೂ ಕರ್ವ್ ಬೇಕಾ?

ಹಂಡೆಒಲೆ | ಮೇ 5, ಮಧ್ಯಾಹ್ನ 1:00

ಹನಿಗಟ್ಟುವುದಿಲ್ಲ. ಮೇಲ್ಮೈ ಗಾಳಿಗಿಂತ ತಂಪಾಗಿದ್ದರೆ ಮಾತ್ರ ಹನಿ. ಈ ಲೂಪ್‌ನಲ್ಲಿ ನೀರು ಯಾವಾಗಲೂ ಕೋಣೆಗಿಂತ ಬಿಸಿ. ಕರಾವಳಿಯಲ್ಲಿ ಹೆದರಬೇಕಾದದ್ದು ಉಪ್ಪುಗಾಳಿಗೆ ಮತ್ತು ಬಾವಿ ನೀರಿಗೆ. ಡಿಸ್ಟಿಲ್ಡ್ ನೀರು, ಜೊತೆಗೆ ತುಕ್ಕು ತಡೆಯುವ ದ್ರವ ಬಳಸಿ.

ಪಂಪ್‌ಗೆ ಕರ್ವ್ ಬೇಡ. 60, 70% ಹತ್ತಿರ ಸದ್ದು ಕೇಳಿಸದ ಒಂದು ವೇಗ ಹುಡುಕಿ ಅಲ್ಲೇ ಬಿಡಿ. ಪಂಪ್‌ನ ವೇಗ ಹೇಳುವ ವೈರನ್ನು ಸಿಪಿಯು ಫ್ಯಾನ್ ಹೆಡರ್‌ಗೆ ಕೊಡಿ. ಪಂಪ್ ನಿಂತಿದ್ದರೆ ಬೂಟ್ ಆಗುವಾಗಲೇ ಬೋರ್ಡ್ ಎಚ್ಚರಿಸುತ್ತದೆ.

ತೊಗರಿಕಣಜ | ಮೇ 11, ರಾತ್ರಿ 11:30

ಒಂದು ವಾರ ನೋಡಿ ಬರೆಯುತ್ತಿದ್ದೇನೆ. ಜೋಡಿ ಸೆನ್ಸರ್ ಹಾಕಿದೆ, ಎಡತುದಿ ಎತ್ತಿದೆ. ನೀರಿನ ಸೆನ್ಸರ್ ಪ್ಲಗ್ ಕಿತ್ತ ಕೂಡಲೇ ಐದೂ ಫ್ಯಾನ್ ಪೂರ್ತಿ ವೇಗಕ್ಕೆ ಹೋದವು. ಆ ಸದ್ದು ಕೇಳಿ ಖುಷಿಯಾಯಿತು.

ನಿನ್ನೆ ಮಧ್ಯಾಹ್ನ 39ರ ಕೋಣೆಯಲ್ಲಿ ಗೇಮ್ ಆಡಿದಾಗ ಡೆಲ್ಟಾ 9.5, ಫ್ಯಾನ್ 60%. ಇವತ್ತು ರಾತ್ರಿ 32ರ ಕೋಣೆಯಲ್ಲಿ ಅದೇ ಗೇಮ್, ಡೆಲ್ಟಾ 9.4. ಫ್ಯಾನ್ ಸದ್ದಿನಲ್ಲಿ ನನ್ನ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಸಿಪಿಯು ಈಗಲೂ 50ರಿಂದ 71ಕ್ಕೆ ಜಿಗಿಯುತ್ತಲೇ ಇದೆ. ಆ ಅಂಕಿಯನ್ನು ಪರದೆಯಿಂದಲೇ ತೆಗೆದುಬಿಟ್ಟೆ. ಈಗ ಇದನ್ನು ಬರೆಯುವಾಗ ಡೆಲ್ಟಾ 3, ಫ್ಯಾನ್ 25%. ಮಗಳು ಪಕ್ಕದಲ್ಲೇ ಮಲಗಿದ್ದಾಳೆ.